ಕ್ಷಿಪಣಿ ತಡೆಯುವ ಕತೆಗೆ ನಾನು ಹಾಕಿಕೊಂಡ ಲೆಕ್ಕ

ಅಣ್ವಸ್ತ್ರ ದಾಳಿ ತಡೆಯುವ ಸೈನಿಕರ ಬಗ್ಗೆ ವೈಜ್ಞಾನಿಕ ಥ್ರಿಲ್ಲರ್ ಬರೆಯಲು ಕೂತಾಗ ಪಾತ್ರಗಳಿಗಿಂತ ಮೊದಲು ಸಮಯದ ಲೆಕ್ಕ ಬರೆದುಕೊಂಡೆ. ಖಂಡಾಂತರ ಕ್ಷಿಪಣಿ ಗುರಿ ಮುಟ್ಟಲು ಸುಮಾರು 30 ನಿಮಿಷ ಬೇಕು. ಅದನ್ನು ಮೇಲೆತ್ತುವ ರಾಕೆಟ್, ಅಂದರೆ ಬೂಸ್ಟರ್, ಉರಿಯುವುದು ಮೊದಲ 3ರಿಂದ 5 ನಿಮಿಷ ಮಾತ್ರ. ಆಮೇಲೆ ತುದಿಯ ಬಾಂಬ್, ಅಂದರೆ ಸಿಡಿತಲೆ, ಎಸೆದ ಕಲ್ಲಿನ ಹಾಗೆ ಬಾಹ್ಯಾಕಾಶದಲ್ಲಿ ಸುಮ್ನೆ ಸಾಗುತ್ತದೆ.

ಎಲ್ಲಿ ತಡೆಯಬೇಕು? ಮಧ್ಯದಲ್ಲಿ ಸಮಯವೇನೋ ಜಾಸ್ತಿ. ಆದರೆ ಅಲ್ಲಿ ಗಾಳಿ ಇಲ್ಲ, ಕಣ್ಣು ತಪ್ಪಿಸಲು ಶತ್ರು ಬಿಟ್ಟ ಹಗುರ ಬಲೂನೂ ಭಾರದ ಸಿಡಿತಲೆಯೂ ಒಟ್ಟೊಟ್ಟಿಗೆ ಹೋಗುತ್ತವೆ. ಅಸಲಿ ಯಾವುದು, ಹುಸಿ ಯಾವುದು ಅಂತ ಹೇಳುವುದು ಬಹಳ ಕಷ್ಟ. ಬೂಸ್ಟರ್‌ನ ಬೆಂಕಿಯಾದರೆ ಇನ್‌ಫ್ರಾರೆಡ್ ಕ್ಯಾಮೆರಾಕ್ಕೆ ಎದ್ದು ಕಾಣುತ್ತದೆ. ಆ 5 ನಿಮಿಷವನ್ನೇ ಹಿಡಿದುಕೊಂಡೆ. ಸೈನಿಕರನ್ನು ಲೇಸರ್ ಹೊತ್ತು ಭೂಮಿ ಸುತ್ತುವ ನೌಕೆಗಳಲ್ಲಿ ಕೂರಿಸಿದೆ.

ಮುಂದಿನ ಕತೆಯನ್ನು ಕಕ್ಷೆಯೇ ಕೊಟ್ಟಿತು. ಭೂಮಿಗೆ ಹತ್ತಿರದ ನೌಕೆ ಸುಮಾರು 90 ನಿಮಿಷಕ್ಕೊಂದು ಸುತ್ತು ಹಾಕುತ್ತದೆ. ಒಂದು ಜಾಗದ ಮೇಲೆ ಅದು ಇರುವುದು ಕೆಲವೇ ನಿಮಿಷ. ಸದಾ ಕಾವಲು ಬೇಕಾದರೆ ನೌಕೆಗಳ ದೊಡ್ಡ ಸಾಲೇ ಇರಬೇಕು. ಅದರಲ್ಲಿ ಒಂದನ್ನು ಕೆಡಿಸಿದೆ. ಸಾಲಿನಲ್ಲಿ ಸಂದು ಬಿತ್ತು, ಆ ಸಂದು ಬರುವ ಹೊತ್ತು ಶತ್ರುವಿಗೆ ಗೊತ್ತು. ಹಿಂದಿನ ನೌಕೆ ಬೇಗ ಬರಲಿ ಅಂದರೆ ಸುಮ್ನೆ ವೇಗ ಹೆಚ್ಚಿಸುವಂತಿಲ್ಲ. ಹೆಚ್ಚಿಸಿದರೆ ಕಕ್ಷೆ ಮೇಲೇರಿ ಸುತ್ತು ಇನ್ನೂ ತಡವಾಗುತ್ತದೆ! ಮುಂದೆ ಹೋಗಬೇಕಾದರೆ ಬ್ರೇಕ್ ಹಾಕಿ ಕೆಳಗಿಳಿಯಬೇಕು. ನನ್ನ ನಾಯಕಿ ಮಾಡುವುದು ಅದನ್ನೇ. ಹೆಚ್ಚು ಇಳಿದರೆ ವಾತಾವರಣ ಅವಳನ್ನು ಎಳೆದುಕೊಳ್ಳುತ್ತದೆ. ಬರೆಯುವಾಗ ಅತಿ ಖುಷಿ ಕೊಟ್ಟ ಅಧ್ಯಾಯ ಇದು.

ಕಂಡದ್ದು ನಿಜವಾದ ದಾಳಿಯೇ ಎಂಬ ಅನುಮಾನಕ್ಕೆ ಇತಿಹಾಸದಲ್ಲೇ ಸಾಮಗ್ರಿ ಇತ್ತು. 1983ರ ಸೆಪ್ಟೆಂಬರ್ 26ರಂದು ಸೋವಿಯತ್ ಉಪಗ್ರಹ ವ್ಯವಸ್ಥೆ ಅಮೆರಿಕದ ಕ್ಷಿಪಣಿಗಳು ಹಾರಿವೆ ಎಂದು ಎಚ್ಚರಿಸಿತು. ಅದು ಸುಳ್ಳು ಎಂದು ತೀರ್ಮಾನಿಸಿದ ಅಧಿಕಾರಿ ಸ್ಟಾನಿಸ್ಲಾವ್ ಪೆಟ್ರೋವ್. 1995ರ ಜನವರಿಯಲ್ಲಿ ನಾರ್ವೆಯಿಂದ ಹಾರಿದ ಸಂಶೋಧನಾ ರಾಕೆಟ್ ನೋಡಿ ರಷ್ಯಾದ ಅಧ್ಯಕ್ಷ ಯೆಲ್ಟ್‌ಸಿನ್ ಅವರ ಅಣ್ವಸ್ತ್ರ ದಾಳಿಗೆ ಆದೇಶ ಕೊಡುವ ಸೂಟ್‌ಕೇಸ್ ಚಾಲೂ ಆಗಿತ್ತು. ಈ ಎರಡನೆಯದನ್ನೇ ತಿರುಗಿಸಿದೆ. ನಾಯಕಿಗೆ ಬೆಂಕಿ ಕಾಣುತ್ತದೆ, ತುದಿಯಲ್ಲಿ ಬಾಂಬ್ ಇದೆಯೋ ಹವಾಮಾನ ಉಪಗ್ರಹವೋ ಕಾಣುವುದಿಲ್ಲ. ಹೊಡೆದರೆ ಅದೇ ಯುದ್ಧ ಶುರು ಮಾಡಬಹುದು, ಅಲ್ವಾ?

ಕರಡು ಓದಿದ ಗೆಳೆಯರೊಬ್ಬರು, "ಕೊನೇ ಕ್ಷಣದಲ್ಲಿ ಒಂದು ಕೋಡ್ ಒತ್ತಿ ಕ್ಷಿಪಣಿ ನಿಲ್ಲಿಸಬಾರದೇ?" ಎಂದರು. ಅಮೆರಿಕದ ಖಂಡಾಂತರ ಕ್ಷಿಪಣಿ ಒಮ್ಮೆ ಹಾರಿತು ಅಂದರೆ ವಾಪಸ್ ಕರೆಯುವ ದಾರಿಯೇ ಇಲ್ಲ. ನನ್ನ ಕತೆಯ ಶತ್ರುವಿಗೂ ಆ ಸೌಲಭ್ಯ ಕೊಡಲಿಲ್ಲ.

ಲೇಸರ್ ತಗುಲಿದ ಮೇಲೂ ಕತೆ ಮುಗಿಸಲಾಗಲಿಲ್ಲ. ಬೂಸ್ಟರ್ ಒಡೆದರೂ ಸಿಡಿತಲೆ ಹಾಗೇ ಉಳಿದು ದಾರಿಯ ನಡುವೆ ಎಲ್ಲೋ ಬೀಳಬಹುದು. ಆ ದಾರಿಯ ಕೆಳಗೆ, ಈ ಜಗಳಕ್ಕೆ ಸಂಬಂಧವೇ ಇಲ್ಲದ ಮೂರನೇ ದೇಶವೊಂದನ್ನು ಇಟ್ಟೆ. ಕೊನೆಯ ಅಧ್ಯಾಯಗಳು ಅಲ್ಲೇ ನಡೆಯುತ್ತವೆ.