ಇಬ್ಬರ ಊಟಕ್ಕೆ ಪರಿಮಳದ ಬಿಳಿ ವೈನ್: ಅಡುಗೆ ಹೊಂದಿಸುವುದು ಹೇಗೆ?

ಗ್ಲಾಸನ್ನು ಮೂಗಿನ ಬಳಿ ತಂದೊಡನೆ ಗುಲಾಬಿ, ಲಿಚಿ, ಕಿತ್ತಳೆ ಹೂವು ನೆನಪಾಗುವ ಬಿಳಿ ವೈನ್‌ಗಳಲ್ಲಿ ಗೆವುರ್ಜ್‌ಟ್ರಾಮಿನರ್, ರೀಸ್ಲಿಂಗ್, ಮಸ್ಕಟ್ ಮತ್ತು ವಿಯೊನ್ಯೇ ಮುಖ್ಯವಾದವು; ನಾಲ್ಕೂ ತಮ್ಮ ದ್ರಾಕ್ಷಿಯ ಹೆಸರನ್ನೇ ಹೊತ್ತವು. ಮೆಚ್ಚಿದವರನ್ನು ಊಟಕ್ಕೆ ಕರೆದ ಸಂಜೆ ಇಂಥದ್ದೊಂದು ಬಾಟಲಿ ಮೇಜಿನ ಮೇಲಿದ್ದರೆ ಮಾತಿಗೊಂದು ವಿಷಯ ತಾನಾಗಿಯೇ ಸಿಗುತ್ತದೆ. ಆದರೆ ಪರಿಮಳವನ್ನೇ ನೆಚ್ಚಿಕೊಂಡು ಅಡುಗೆ ಹೊಂದಿಸಲು ಹೊರಟರೆ ಎಡವುವ ಸಂಭವವೇ ಹೆಚ್ಚು. ಮೂಗಿಗೆ ಸಿಹಿಯೆನಿಸಿದ ವೈನ್ ನಾಲಿಗೆಯ ಮೇಲೆ ಒಂದಿಷ್ಟೂ ಸಿಹಿಯಿಲ್ಲದೆ ಇರಬಹುದು. ತಟ್ಟೆಗೆ ಹೊಂದಬೇಕಾದದ್ದು ಮೊದಲು ವೈನಿನ ಸಿಹಿ ಮತ್ತು ಹುಳಿ, ಆಮೇಲೆ ಅದರ ಪರಿಮಳ.

ಆದ್ದರಿಂದ ಮೊದಲು ಬಾಟಲಿಯನ್ನು ಆರಿಸಿ, ಅಡುಗೆಯನ್ನು ಅನಂತರ ತೀರ್ಮಾನಿಸಿ. ಲೇಬಲ್ ಮೇಲೆ ಜರ್ಮನ್ ಭಾಷೆಯ ‘ಟ್ರಾಕೆನ್’ ಅಥವಾ ಫ್ರೆಂಚಿನ ‘ಸೆಕ್’ ಎಂಬ ಪದವಿದ್ದರೆ ಅದು ಡ್ರೈ, ಅಂದರೆ ಸಿಹಿಯಿಲ್ಲದ ವೈನ್. ಜರ್ಮನಿಯ ರೀಸ್ಲಿಂಗ್‌ನಲ್ಲಿ ಆಲ್ಕೋಹಾಲ್ ಶೇ 8 ಅಥವಾ 9ರಷ್ಟೇ ಇದ್ದರೆ, ದ್ರಾಕ್ಷಿಯ ಸಕ್ಕರೆ ಪೂರ್ತಿ ಹುದುಗದೆ ಒಂದಿಷ್ಟು ಉಳಿದಿದೆ ಎಂದು ಸಾಮಾನ್ಯವಾಗಿ ಊಹಿಸಬಹುದು. ಫ್ರಾನ್ಸಿನ ಅಲ್ಸಾಸ್ ಪ್ರಾಂತ್ಯದ ಗೆವುರ್ಜ್‌ಟ್ರಾಮಿನರ್‌ಗೆ ಈ ಲೆಕ್ಕ ನಡೆಯುವುದಿಲ್ಲ. ಆ ದ್ರಾಕ್ಷಿ ಹಣ್ಣಾಗುವಾಗ ಬಹಳ ಸಕ್ಕರೆ ತುಂಬಿಕೊಳ್ಳುವುದರಿಂದ, ಶೇ 13–14 ಆಲ್ಕೋಹಾಲ್ ಇದ್ದೂ ಸಿಹಿ ಉಳಿದಿರಬಹುದು.

ಗೆವುರ್ಜ್‌ಟ್ರಾಮಿನರ್‌ನಲ್ಲಿ ಹುಳಿ ಕಡಿಮೆ, ಸಾಂದ್ರತೆ ಹೆಚ್ಚು. ಶುಂಠಿ, ಮಜ್ಜಿಗೆಹುಲ್ಲು, ತೆಂಗಿನ ಹಾಲು ಹಾಕಿ ಬೇಯಿಸಿದ ಸಿಗಡಿ ಅದಕ್ಕೆ ಚೆನ್ನಾಗಿ ಒಪ್ಪುತ್ತದೆ. ನಿಂಬೆರಸ ಹಿಂಡಿದ ಮೀನಾದರೆ ತಾನೂ ಅಷ್ಟೇ ಹುಳಿಯಿರುವ ರೀಸ್ಲಿಂಗ್ ಬೇಕು. ಬೆಣ್ಣೆ ಸವರಿ ಓವನ್‌ನಲ್ಲಿ ಬೇಯಿಸಿದ ಕೋಳಿಗೆ ವಿಯೊನ್ಯೇ ಸಾಕು. ಹೆಚ್ಚಿನ ವೈನ್‌ಗಳಿಗೆ ಒಗ್ಗದ ಆಸ್ಪರಾಗಸ್ ಎಂಬ ತರಕಾರಿ ಕೂಡ ಡ್ರೈ ಮಸ್ಕಟ್ ಜೊತೆ ಹೊಂದಿಕೊಳ್ಳುತ್ತದೆ. ಖಾರದ ವಿಷಯದಲ್ಲಿ ಮಾತ್ರ ಎಚ್ಚರಿಕೆ ಬೇಕು: ಆಲ್ಕೋಹಾಲ್ ಮೆಣಸಿನಕಾಯಿಯ ಉರಿಯನ್ನು ಕೆರಳಿಸುತ್ತದೆ, ಸಿಹಿ ಅದನ್ನು ತಣಿಸುತ್ತದೆ. ಖಾರದ ಪದಾರ್ಥ ಮಾಡಲೇಬೇಕೆಂದಿದ್ದರೆ ಆಲ್ಕೋಹಾಲ್ ಕಡಿಮೆಯಿರುವ, ತುಸು ಸಿಹಿಯಾದ ರೀಸ್ಲಿಂಗನ್ನೇ ತನ್ನಿ.

ಹೆಚ್ಚಿನವರು ಬಿಟ್ಟುಬಿಡುವ, ಆದರೆ ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದ ಹಂತ ಇನ್ನು ಮುಂದಿನದು. ಅತಿಥಿ ಬರುವ ಅರ್ಧ ಗಂಟೆ ಮೊದಲೇ ಬಾಟಲಿ ತೆರೆದು ಎರಡು ಗುಟುಕಿನಷ್ಟು ಸುರಿದುಕೊಳ್ಳಿ. ಒಲೆಯ ಮೇಲಿನ ಸಾಸ್‌ನಿಂದ ಒಂದು ಚಮಚ ತಟ್ಟೆಗೆ ಹಾಕಿ ಆರಲು ಬಿಡಿ. ಒಂದು ಗುಟುಕು ವೈನ್, ಅದರ ಮೇಲೆ ಸಾಸ್, ಮತ್ತೆ ಒಂದು ಗುಟುಕು. ಎರಡನೆಯ ಗುಟುಕು ಮೊದಲಿನದಕ್ಕಿಂತ ಹುಳಿಯಾಗಿ, ತೆಳ್ಳಗೆ ಕಂಡರೆ ಸಾಸ್‌ನಲ್ಲಿ ಸಿಹಿ ಜಾಸ್ತಿಯಾಗಿದೆ; ನಾಲ್ಕು ಹನಿ ನಿಂಬೆರಸ, ಚಿಟಿಕೆ ಉಪ್ಪು ಸೇರಿಸಿ. ವೈನ್ ಸಪ್ಪೆಯೆನಿಸಿದರೆ ಸಾಸ್ ಹುಳಿಯಾಗಿದೆ. ತೆಂಗಿನ ಹಾಲನ್ನೋ ಬೆಣ್ಣೆಯನ್ನೋ ಬೆರೆಸಿ. ವೈನನ್ನಂತೂ ತಿದ್ದಲಾಗುವುದಿಲ್ಲ, ತಿದ್ದಬೇಕಾದದ್ದು ಸಾಸನ್ನೇ.

ತಂಪಿನ ಪ್ರಮಾಣವೂ ರುಚಿಯನ್ನು ಬದಲಿಸುತ್ತದೆ. ರೀಸ್ಲಿಂಗ್, ಮಸ್ಕಟ್‌ಗಳಿಗೆ ಸುಮಾರು 8–10 ಡಿಗ್ರಿ ಸೆಲ್ಸಿಯಸ್, ಗೆವುರ್ಜ್‌ಟ್ರಾಮಿನರ್ ಮತ್ತು ವಿಯೊನ್ಯೇಗೆ 10–12 ಡಿಗ್ರಿ ಸರಿಯಾಗುತ್ತದೆ. ಅದಕ್ಕಿಂತ ತಣ್ಣಗಾದರೆ ಪರಿಮಳ ಮುದುಡುತ್ತದೆ, ಬೆಚ್ಚಗಾದರೆ ಆಲ್ಕೋಹಾಲ್ ಮೂಗಿಗೆ ಹೊಡೆಯುತ್ತದೆ. ಫ್ರಿಜ್‌ನಲ್ಲಿಡಲು ಮರೆತಿದ್ದರೆ ಬಕೆಟ್‌ಗೆ ಐಸ್ ಜೊತೆ ನೀರನ್ನೂ ಹಾಕಿ. ನೀರು ಗಾಜನ್ನು ಎಲ್ಲ ಕಡೆಯಿಂದ ತಾಗುವುದರಿಂದ ಬರಿಯ ಐಸ್‌ಗಿಂತ ಬೇಗ ತಣಿಯುತ್ತದೆ, 20 ನಿಮಿಷ ಸಾಕು. ಗ್ಲಾಸಿನ ಮೂರನೇ ಒಂದು ಭಾಗದಷ್ಟು ಮಾತ್ರ ಸುರಿಯಿರಿ; ಪರಿಮಳ ನಿಲ್ಲುವುದು ಮೇಲಿನ ಖಾಲಿ ಜಾಗದಲ್ಲಿ.

ಊಟದ ಕೊನೆಗೆ ಕೇಕ್ ಬಡಿಸುವ ಆಸೆಯಿದ್ದರೆ ವೈನ್ ಅಷ್ಟರೊಳಗೆ ಮುಗಿದಿರುವುದು ಒಳ್ಳೆಯದು, ಏಕೆಂದರೆ ತನಗಿಂತ ಸಿಹಿಯಾದುದರ ಮುಂದೆ ಯಾವ ವೈನೂ ನಿಲ್ಲುವುದಿಲ್ಲ. ಬದಲಿಗೆ ಚೀಸ್ ಇಡಬಹುದು. ಅಲ್ಸಾಸ್‌ನವರು ಗೆವುರ್ಜ್‌ಟ್ರಾಮಿನರ್ ಜೊತೆ ತಿನ್ನುವುದು ತಮ್ಮದೇ ಸೀಮೆಯ ಮುನ್‌ಸ್ಟೆರ್ ಚೀಸನ್ನು. ಜೋಡಿಯೇನೋ ಸೊಗಸಾಗಿದೆ, ಆದರೆ ಆ ಚೀಸ್‌ನ ವಾಸನೆ ಕೋಣೆಯನ್ನೇ ತುಂಬುವಂಥದ್ದು. ಇದು ನಿಮ್ಮಿಬ್ಬರ ಮೊದಲ ಊಟವಾಗಿದ್ದರೆ ಮುನ್‌ಸ್ಟೆರನ್ನು ಮೂರನೆಯದಕ್ಕೆ ಎತ್ತಿಡಿ.