ಕಲಬುರಗಿಯಲ್ಲಿ ಒಂದು ಫ್ಯೂಸರ್: ಮೊದಲು ಗಾಳಿ ಹೊರಗೆ ಹಾಕಬೇಕು

ಮೊದಲೇ ಹೇಳಿಬಿಡುತ್ತೇನೆ, ನಾನು ಕಟ್ಟಿದ ಯಂತ್ರದಲ್ಲಿ ಈವರೆಗೆ ಫ್ಯೂಷನ್ (ಹಗುರ ಪರಮಾಣುಗಳ ಬೀಜಗಳು ಕೂಡಿ ಒಂದಾಗುವ ಸಮ್ಮಿಲನ) ಆಗಿಲ್ಲ. ಒಳಗೆ ಉಳಿದ ಚೂರು ಗಾಳಿ ಪ್ಲಾಸ್ಮಾ (ವಿದ್ಯುತ್ತಿನ ಹೊಡೆತಕ್ಕೆ ಎಲೆಕ್ಟ್ರಾನ್ ಕಳಚಿಕೊಂಡ ಅನಿಲ) ಆಗಿ ನೇರಳೆ ಬಣ್ಣದಲ್ಲಿ ಹೊಳೆಯುತ್ತದೆ, ಅಷ್ಟೇ. ಹವ್ಯಾಸಿಗಳು ಇದನ್ನು ಡೆಮೊ ಫ್ಯೂಸರ್ ಅನ್ನುತ್ತಾರೆ. ಕಲಬುರಗಿಯಲ್ಲಿ ಎಂಜಿನಿಯರಿಂಗ್ ಓದುವ ಹುಡುಗನೊಬ್ಬ ಶುರು ಮಾಡಬೇಕಾದದ್ದೂ ಇಲ್ಲಿಂದಲೇ ಅಂತ ನನ್ನ ಗಟ್ಟಿ ನಂಬಿಕೆ.

ಟಿವಿ ಕಂಡುಹಿಡಿದವರಲ್ಲಿ ಒಬ್ಬನಾದ ಫೈಲೊ ಫಾರ್ನ್ಸ್‌ವರ್ತ್ 1960ರ ದಶಕದಲ್ಲಿ ಬೆಳೆಸಿದ, ರಾಬರ್ಟ್ ಹಿರ್ಶ್ ಸುಧಾರಿಸಿದ ಸಾಧನ ಈ ಫ್ಯೂಸರ್. ಗಾಳಿ ತೆಗೆದ ಪಾತ್ರೆಯ ನಡುವೆ ತಂತಿಯ ಪುಟ್ಟ ಗೋಲ, ಅದಕ್ಕೆ ನೆಗೆಟಿವ್ ವೋಲ್ಟೇಜ್. ಪಾಸಿಟಿವ್ ಅಯಾನುಗಳು, ಅಂದರೆ ಎಲೆಕ್ಟ್ರಾನ್ ಕಳೆದುಕೊಂಡ ಪರಮಾಣುಗಳು, ನಾಲ್ಕೂ ಕಡೆಯಿಂದ ಅದರತ್ತ ನುಗ್ಗುತ್ತವೆ. ಡ್ಯುಟೀರಿಯಂ (ಭಾರದ ಹೈಡ್ರೋಜನ್) ಅನಿಲ ಬಿಟ್ಟು 20-30 ಸಾವಿರ ವೋಲ್ಟ್ ಕೊಟ್ಟರೆ ಅವುಗಳಲ್ಲಿ ಬಹಳ ಕೆಲವು ಮಾತ್ರ ಒಂದಾಗುತ್ತವೆ. ಸುಮಾರು ಅರ್ಧದಷ್ಟು ಸಲ ಹೀಲಿಯಂ-3 ಮತ್ತು 2.45 ಎಂಇವಿ (ಕಣಗಳ ಶಕ್ತಿ ಅಳೆಯುವ ಮಾನ) ನ್ಯೂಟ್ರಾನ್ ಹುಟ್ಟುತ್ತವೆ, ಉಳಿದರ್ಧ ಸಲ ಟ್ರಿಟಿಯಂ (ಇನ್ನೂ ಭಾರದ ಹೈಡ್ರೋಜನ್) ಮತ್ತು ಪ್ರೋಟಾನ್. ತಾಪದ ಲೆಕ್ಕದಲ್ಲಿ ಹೇಳಿದರೆ 1,000 ವೋಲ್ಟ್ ದಾಟಿ ಬಂದ ಅಯಾನಿನ ಶಕ್ತಿ ಸುಮಾರು 1.16 ಕೋಟಿ ಡಿಗ್ರಿಗೆ ಸಮ. ಸೂರ್ಯನ ಗರ್ಭದ್ದೇ 1.5 ಕೋಟಿ. ಇದನ್ನು ಕೇಳಿದ ಗೆಳೆಯ, "ಹಂಗಾರ ನಮ್ಮೂರ ಮೇ ತಿಂಗಳಿಗಿಂತ ಸ್ವಲ್ಪ ಜಾಸ್ತಿನೇ ಅದ ಬಿಡು" ಅಂದ.

"ಇದರಿಂದ ಮನಿಗಿ ಕರೆಂಟ್ ಬರ್ತದೇನೋ?" ಅಂತ ಕೇಳದವರಿಲ್ಲ. ಲೆಕ್ಕ ಹಾಕಿ ತೋರಿಸುತ್ತೇನೆ. ಹವ್ಯಾಸಿಯ ಒಳ್ಳೆಯ ಯಂತ್ರ ಸೆಕೆಂಡಿಗೆ 10 ಲಕ್ಷ ನ್ಯೂಟ್ರಾನ್ ಕೊಟ್ಟಿತು ಅಂದುಕೊಳ್ಳಿ. ಅಂದರೆ 20 ಲಕ್ಷ ಸಮ್ಮಿಲನ, ಒಂದೊಂದಕ್ಕೆ ಸರಾಸರಿ 3.65 ಎಂಇವಿ. ಎಲ್ಲ ಕೂಡಿಸಿದರೆ ಬರುವುದು ಸುಮಾರು ಒಂದು ಮೈಕ್ರೋವ್ಯಾಟ್. ಒಳಗೆ ಹಾಕಿದ್ದು 30 ಸಾವಿರ ವೋಲ್ಟ್, 10 ಮಿಲಿಆಂಪಿಯರ್, ಅಂದರೆ 300 ವ್ಯಾಟ್. ಇಲ್ಲಿಗೆ ಕೇಳಿದವರ ಆಸಕ್ತಿ ಮುಗಿಯುತ್ತದೆ. ಅವ್ವನ ಪ್ರಶ್ನೆ ಬೇರೆಯೇ ಇತ್ತು: "ಬಾಂಬ್ ಗೀಂಬ್ ಅಲ್ಲ ಹೌದಿಲ್ಲ?" ಅಲ್ಲ. ಸ್ವಿಚ್ ತೆಗೆದ ಕ್ಷಣವೇ ನಿಂತುಹೋಗುವ ಕ್ರಿಯೆ ಇದು.

ಓದಿಕೊಂಡು ಬಂದವರೆಲ್ಲ ವೋಲ್ಟೇಜಿನ ಹಿಂದೆ ಬೀಳುತ್ತಾರೆ. ನಿಜವಾದ ಕೆಲಸ ಇರುವುದು ನಿರ್ವಾತದಲ್ಲಿ. ಅದನ್ನು ನನಗೆ ಕಲಿಸಿದ್ದು ಸೂಪರ್ ಮಾರ್ಕೆಟ್ ಕಡೆಯ ಎಸಿ ರಿಪೇರಿ ಅಂಗಡಿಯ ಭಾಯ್. ಎಸಿಗೆ ಗ್ಯಾಸ್ ತುಂಬುವ ಮುಂಚೆ ಪೈಪಿನೊಳಗಿನ ಗಾಳಿ, ತೇವ ಎಲ್ಲ ಎಳೆಯಬೇಕಲ್ಲ, ಅದಕ್ಕೆ ಅವರ ಬಳಿ ಎರಡು ಹಂತದ ವ್ಯಾಕ್ಯೂಮ್ ಪಂಪ್ ಇತ್ತು. ದಿನದ ಬಾಡಿಗೆಗೆ ಕೊಟ್ಟರು. "ತಮ್ಮಾ, ಆಮ್ಯಾಲ ಯಾವ ಗ್ಯಾಸ್ ತುಂಬ್ತಿ?" ಅಂದರು. ಯಾವುದೂ ಇಲ್ಲ ಭಾಯ್ ಅಂದದ್ದಕ್ಕೆ ಬಹಳ ಹೊತ್ತು ನನ್ನ ಮುಖ ನೋಡಿದರು.

ನಿರ್ವಾತದ ಕೆಲಸದವರು ಒತ್ತಡ ಅಳೆಯುವ ಮಾನ ಮೈಕ್ರಾನ್. ವಾತಾವರಣದ ಒತ್ತಡ 7,60,000 ಮೈಕ್ರಾನ್. ಎಸಿಯವರಿಗೆ 500ಕ್ಕಿಂತ ಕೆಳಗಿಳಿದರೆ ಸಾಕು, ನಮಗೆ 100ಕ್ಕಿಂತ ಕೆಳಗೆ ಬೇಕು. ಇದನ್ನು ಅವರ ಮುಳ್ಳಿನ ಗೇಜ್ ತೋರಿಸಲಾರದು. ಅದು ಹೊರಗಿನ ಗಾಳಿಗೆ ಹೋಲಿಸಿ ಅಳೆಯುತ್ತದೆ. ಕಲಬುರಗಿ ಸಮುದ್ರ ಮಟ್ಟದಿಂದ 454 ಮೀಟರ್ ಎತ್ತರದಲ್ಲಿರುವುದರಿಂದ ಒಳಗೆ ಏನೇನೂ ಇಲ್ಲದಿದ್ದರೂ ಮುಳ್ಳು ಪಾದರಸದ ಲೆಕ್ಕದ 28 ಇಂಚಿನ ಆಸುಪಾಸಿಗೇ ನಿಲ್ಲುತ್ತದೆ, 30 ಮುಟ್ಟುವುದಿಲ್ಲ. ಪಂಪ್ ಕೆಟ್ಟಿದೆ ಅಂತ ಯಾರಾದರೂ ಬಿಚ್ಚಲು ಕೂತರೆ ತಡೆಯಿರಿ. ಹಣ ಹಾಕುವುದಿದ್ದರೆ ಮೊದಲು ಡಿಜಿಟಲ್ ಮೈಕ್ರಾನ್ ಗೇಜಿಗೆ ಹಾಕಿ.

ಪಾತ್ರೆಗೆ ಸಿಕ್ಕಿದ್ದು ಭೌತಶಾಸ್ತ್ರ ಲ್ಯಾಬಿನ ಹಳೆಯ ಗಾಜಿನ ಜಾಡಿ. ನಿರ್ವಾತದಲ್ಲಿ ಗಂಟೆಯ ಸದ್ದು ಕೇಳಿಸದು ಅಂತ ಶಾಲೆಯಲ್ಲಿ ತೋರಿಸುತ್ತಾರಲ್ಲ, ಅದೇ. ಅಡಿಯ ಅಲ್ಯುಮಿನಿಯಂ ಪ್ಲೇಟನ್ನು ಕಪನೂರಿನ ಲೇತ್ ಅಂಗಡಿಯಲ್ಲಿ ಮಾಡಿಸಿದೆ. ವೋಲ್ಟೇಜನ್ನು ಒಳಗೆ ಒಯ್ಯಲು ಬೈಕಿನ ಸ್ಪಾರ್ಕ್ ಪ್ಲಗ್, ಸುತ್ತ ಅರಲ್ಡೈಟ್ ಅಂಟು. ಗ್ರಿಡ್ಡಿಗೆ, ಅಂದರೆ ನಡುವಿನ ಆ ತಂತಿಯ ಗೋಲಕ್ಕೆ, ಸ್ಟೀಲ್ ತಂತಿಯ ಮೂರು ಬಳೆ. ಅವುಗಳನ್ನು ಒಂದರೊಳಗೊಂದು ಕೂಡಿಸಲು ಪತ್ತಾರ ಕಾಕಾನ ಲೇಸರ್ ಬೆಸುಗೆ ಮಷಿನ್ ನೆರವಾಯಿತು. "ಇದೇನು, ಝುಮಕಿ ಏನೋ?" ಅಂತ ನಕ್ಕರೂ ಕೆಲಸ ಮಾತ್ರ ಅಪ್ಪಟ. ಸಾದಾ ಬೆಸುಗೆ ಇಲ್ಲಿ ನಡೆಯದು: ಗ್ರಿಡ್ ಕಾದಾಗ ಕರಗುತ್ತದೆ, ಅದರ ಆವಿ ನಿರ್ವಾತವನ್ನೂ ಕೆಡಿಸುತ್ತದೆ.

ಇನ್ನು ಲೀಕ್. ಪಂಪ್ ಓಡುತ್ತಿರುವಾಗ ಸಿರಿಂಜಿನಿಂದ ಒಂದೊಂದೇ ಜೋಡಣೆಯ ಮೇಲೆ ಐಸೊಪ್ರೊಪೈಲ್ ಆಲ್ಕೋಹಾಲಿನ ಹನಿ ಬಿಡುತ್ತ ಗೇಜ್ ನೋಡಬೇಕು. (ಆಗ ಹೈ ವೋಲ್ಟೇಜ್ ಪೂರ್ತಿ ಬಂದ್ ಇರಲಿ, ಬೆಂಕಿ ಹತ್ತುವ ದ್ರವ ಅದು.) ಹನಿ ಸರಿಯಾದ ಜಾಗಕ್ಕೆ ಬಿದ್ದರೆ ಅಂಕಿ ತಟ್ಟನೆ ಜಿಗಿಯುತ್ತದೆ. ನಮ್ಮಲ್ಲಿ ಜಿಗಿದದ್ದು ಎಲ್ಲರೂ ಅನುಮಾನಪಟ್ಟ ಸ್ಪಾರ್ಕ್ ಪ್ಲಗ್ಗಿನಲ್ಲಲ್ಲ, ರಬ್ಬರ್ ಗ್ಯಾಸ್ಕೆಟ್ಟಿನ ಕೆಳಗೆ. ಕೂದಲಿನಷ್ಟು ಸಣ್ಣ ಗೀರು. ಮಳೆಗಾಲದಲ್ಲಿ ಪಂಪಿನ ಎಣ್ಣೆ ತೇವ ಹೀರಿ ಬೆಳ್ಳಗಾಗುತ್ತದೆ, ಬದಲಿಸದೆ ಗತಿಯಿಲ್ಲ. ಕರೆಂಟ್ ಹೋದರೆ ಪಂಪಿನ ಎಣ್ಣೆ ಜಾಡಿಯೊಳಕ್ಕೆ ಎಳೆದುಕೊಂಡು ಬರಬಹುದು, ಹಾಗಾಗಿ ನಡುವೆ ಒಂದು ವಾಲ್ವ್ ಇರಲೇಬೇಕು.

ವೋಲ್ಟೇಜಿನ ವಿಷಯದಲ್ಲಿ ನಮ್ಮ ಸರ್ ಖಡಕ್. ಲ್ಯಾಬಿನ 5 ಸಾವಿರ ವೋಲ್ಟಿನ, ಕೆಲವೇ ಮಿಲಿಆಂಪಿಯರ್ ಕೊಡುವ ಸಪ್ಲೈ ಬಿಟ್ಟು ಬೇರೇನೂ ಮುಟ್ಟುವಂತಿಲ್ಲ. ಅದೂ ಜೀವ ತೆಗೆಯಬಲ್ಲದು ಅನ್ನುವುದು ಅವರ ಮೊದಲ ಮಾತು. ಜಾಡಿ ಒಳಕುಸಿದು ಸಿಡಿದೀತೆಂದು ಸುತ್ತ ದಪ್ಪ ಅಕ್ರಿಲಿಕ್ ಪೆಟ್ಟಿಗೆ. ಮೇನ್ ಸ್ವಿಚ್ಚಿನ ಪಕ್ಕ ಎರಡನೆಯವನೊಬ್ಬ. ಬಂದ್ ಮಾಡಿದ ಮೇಲೂ ಅರ್ಥ್ ಮಾಡಿದ ಕೋಲನ್ನು ಗ್ರಿಡ್ಡಿನ ತಂತಿಗೆ ತಾಗಿಸಿಯೇ ಕೈ ಹಾಕಬೇಕು. 5 ಸಾವಿರ ವೋಲ್ಟಿನಲ್ಲಿ ಹುಟ್ಟುವ ಮೆದು ಎಕ್ಸ್‌ರೇಯನ್ನು ಗಾಜೇ ತಡೆಯುತ್ತದೆ. 20 ಸಾವಿರದ ಹತ್ತಿರ ಆ ಭರವಸೆ ಇಲ್ಲ.

ಒತ್ತಡ ಹೆಚ್ಚಿದ್ದಾಗ ಬೆಳಕು ಜಾಡಿಯ ತುಂಬ ಮಂಕಾಗಿ ಹರಡಿರುತ್ತದೆ. ಮೈಕ್ರಾನ್ ಇಳಿದಂತೆ ಅದು ಸರಿಯುತ್ತ ಸರಿಯುತ್ತ ಗೋಲದೊಳಗೆ ಸೇರಿಕೊಳ್ಳುತ್ತದೆ. ಆಮೇಲೆ ಬಳೆಗಳ ಸಂದುಗಳಿಂದ ತೆಳ್ಳನೆಯ ಕಿರಣಗಳು ಹೊರಚಾಚುತ್ತವೆ. ಇದೇ ಸ್ಟಾರ್ ಮೋಡ್. ಗಾಳಿಯನ್ನು ಇನ್ನೂ ಎಳೆದರೆ ಜಾಡಿಯೊಳಗೆ ಹರಿಯುವ ಕರೆಂಟ್ ಇಳಿದು ಬೆಳಕು ಆರಿಹೋಗುತ್ತದೆ: ಡಿಕ್ಕಿ ಹೊಡೆಯಲು ಸಾಕಷ್ಟು ಅಣುಗಳೇ ಉಳಿದಿರುವುದಿಲ್ಲ, ಆಗ ಇನ್ನೂ ಹೆಚ್ಚು ವೋಲ್ಟೇಜ್ ಬೇಕು.

ಮುಂದಿನ ಹಂತಕ್ಕೆ ನಾನು ಕೈ ಹಾಕಿಲ್ಲ. ಡ್ಯುಟೀರಿಯಂ ನಮ್ಮ ದೇಶದಲ್ಲಿ ಅಣುಶಕ್ತಿ ಇಲಾಖೆಯ ನಿಯಂತ್ರಣದ ವಸ್ತು, ವಿಕಿರಣ ಬರುವ ಯಂತ್ರಕ್ಕೆ ಎಇಆರ್‌ಬಿ (ಅಣುಶಕ್ತಿ ನಿಯಂತ್ರಣ ಮಂಡಳಿ) ಒಪ್ಪಿಗೆ ಬೇಕು. ಹಾಸ್ಟೆಲ್ ಕೋಣೆಯಲ್ಲಿ ಆಗುವ ಮಾತಲ್ಲ. ಅದು ಬೇಕೆನಿಸಿದವರಿಗೆ 1989ರಿಂದ ಆದಿತ್ಯ ಟೋಕಮ್ಯಾಕ್ (ಕಾಂತಬಲದಿಂದ ಪ್ಲಾಸ್ಮಾ ಹಿಡಿದಿಡುವ ಯಂತ್ರ) ನಡೆಸಿದ ಗಾಂಧಿನಗರದ ಪ್ಲಾಸ್ಮಾ ಸಂಶೋಧನಾ ಸಂಸ್ಥೆ ಇದೆ.

ಸದ್ಯ ಹಳೆಯ ಸಿ.ಡಿ. ತುಂಡಿನಿಂದ ಒಂದು ಸ್ಪೆಕ್ಟ್ರೋಸ್ಕೋಪ್ ಮಾಡಿಕೊಂಡು ಆ ನೇರಳೆ ಬೆಳಕನ್ನು ಬಿಡಿಸಿ ನೋಡುತ್ತಿದ್ದೇನೆ. ನೈಟ್ರೋಜನ್ನಿನ ಪಟ್ಟಿಗಳು ಚೆನ್ನಾಗಿ ಕಾಣುತ್ತವೆ. ಅವುಗಳ ನಡುವೆ 656 ನ್ಯಾನೋಮೀಟರಿನ ಕಡೆ ಹೈಡ್ರೋಜನ್ನಿನ ಕೆಂಪು ಗೆರೆ ಎದ್ದು ಕಂಡರೆ ಒಳಗೆ ನೀರಿನ ಆವಿಯೋ ಎಣ್ಣೆಯ ಆವಿಯೋ ಉಳಿದಿದೆ ಅಂತ ಲೆಕ್ಕ. ಪಂಪನ್ನು ಇನ್ನೂ ಒಂದು ತಾಸು ಓಡಿಸುತ್ತೇನೆ.