ವಾಲಿಸಿದರೆ ಇಟಾಲಿಕ್ ಆಗಲ್ಲ: ಒಂದು ಬೋಲ್ಡ್ ಇಟಾಲಿಕ್ ಫಾಂಟ್ ಮಾಡಿದ ನನ್ನ ಅನುಭವ

ಇಂಗ್ಲಿಷ್ ಅಕ್ಷರಗಳ ಒಂದು ಸ್ಯಾನ್ಸ್ ಸೆರಿಫ್ (ಗೆರೆಗಳ ತುದಿಯಲ್ಲಿ ಚಾಚು ಇಲ್ಲದ) ಫಾಂಟ್ ಮಾಡುತ್ತಿದ್ದೆ. ಪೋಸ್ಟರ್, ಮುಖಪುಟ, ದೊಡ್ಡ ತಲೆಬರಹಗಳಿಗೆ ಅಂತಲೇ ಮಾಡಿದ್ದು. ನೇರ ಬೋಲ್ಡ್ ಮುಗಿದಿತ್ತು, ಬೋಲ್ಡ್ ಇಟಾಲಿಕ್ ಬಾಕಿ ಇತ್ತು. ಎಲ್ಲಾ ಅಕ್ಷರಗಳನ್ನೂ ಒಟ್ಟಿಗೆ ಆರಿಸಿ 12 ಡಿಗ್ರಿ ವಾಲಿಸಿದೆ. ಸಾಫ್ಟ್‌ವೇರಿಗೆ ಅದು ಕ್ಷಣದ ಕೆಲಸ.

ತೆರೆಯ ಮೇಲೆ ಚೆನ್ನಾಗಿಯೇ ಕಂಡಿತು. ದೊಡ್ಡದಾಗಿ ಪ್ರಿಂಟ್ ತೆಗೆದು ಗೋಡೆಗೆ ಅಂಟಿಸಿದಾಗ ತೊಂದರೆ ಕಾಣಿಸಿತು. 'ಓ' (o) ಅಕ್ಷರ ಉರುಳಿಬೀಳುವ ಹಾಗಿತ್ತು. ಕಾರಣ ಸರಳ. ಉಂಗುರವನ್ನು ವಾಲಿಸಿದರೆ ಅದು ಓರೆಯಾಗಿ ಎಳೆದುಕೊಳ್ಳುತ್ತದೆ. ಬಲ ಮೇಲ್ಭಾಗ, ಎಡ ಕೆಳಭಾಗ ದಪ್ಪವಾಗುತ್ತವೆ. ಉಳಿದೆರಡು ಮೂಲೆಗಳು ತೆಳ್ಳಗಾಗುತ್ತವೆ. 20 ಯೂನಿಟ್ (ಫಾಂಟ್ ಮಾಡುವಾಗ ಬಳಸುವ ಸಣ್ಣ ಅಳತೆ) ದಪ್ಪದ ಗೆರೆಯಲ್ಲಿ ಈ ವ್ಯತ್ಯಾಸ ಯಾರಿಗೂ ಕಾಣಲ್ಲ. ನನ್ನ ಗೆರೆ 160 ಯೂನಿಟ್. ಲೆಕ್ಕ ಹಾಕಿದರೆ ಒಂದು ಕಡೆ ಸುಮಾರು 178, ಇನ್ನೊಂದು ಕಡೆ 144. ಪೋಸ್ಟರಿನ ಗಾತ್ರದಲ್ಲಿ ಇದು ಎದ್ದು ಕಾಣುತ್ತದೆ, ಅಲ್ವಾ?

ದುಂಡನೆಯ ಅಕ್ಷರಗಳನ್ನೆಲ್ಲ ಕೈಯಿಂದಲೇ ತಿದ್ದಿದೆ. ವಾಲಿಸಿದ ಮೇಲೆ, ಅಕ್ಷರದ ಅಂಚನ್ನು ರೂಪಿಸುವ ಬಿಂದುಗಳಲ್ಲಿ ಎಡ-ಬಲದವು ವಕ್ರರೇಖೆಯ ತುತ್ತತುದಿಯಿಂದ ಸರಿದಿರುತ್ತವೆ. ಮೊದಲು ತುದಿಗಳಲ್ಲಿ ಹೊಸ ಬಿಂದು ಇಟ್ಟು, ಆಮೇಲೆ ದಪ್ಪ ಸರಿಮಾಡಿದೆ. ಎಲ್ಲಕ್ಕಿಂತ ಜಾಸ್ತಿ ಸಮಯ ತಿಂದಿದ್ದು 'ಎಸ್' (s). ಅದರ ನಡುವಿನ ಬೆನ್ನು ವಾಲಿದಾಗ ಊದಿಕೊಳ್ಳುತ್ತದೆ. ಅದನ್ನು ಕರಗಿಸಿದರೆ ಮೇಲಿನ ಮತ್ತು ಕೆಳಗಿನ ಬಾಗು ಬಡವಾಗಿ ಕಾಣುತ್ತವೆ. ಹಾಳೆಯನ್ನು ತಲೆಕೆಳಗು ಹಿಡಿದು, ಕಣ್ಣು ಕಿರಿದು ಮಾಡಿ ನೋಡುವುದು ನನಗೆ ತುಂಬಾ ನೆರವಾಯಿತು. ಆಗ ಅಕ್ಷರ ಮರೆತುಹೋಗುತ್ತದೆ, ಕಪ್ಪು ಎಲ್ಲಿ ಗುಡ್ಡೆಯಾಗಿದೆ ಅನ್ನುವುದಷ್ಟೇ ಕಾಣುತ್ತದೆ.

ಸಣ್ಣ 'ಎ' (a) ವಿಷಯದಲ್ಲಿ ಒಂದು ತೀರ್ಮಾನ ಮಾಡಬೇಕಿತ್ತು. ಹೆಲ್ವೆಟಿಕಾ ಫಾಂಟಿನಲ್ಲಿ ಎರಡಂತಸ್ತಿನ (ಹೊಟ್ಟೆಯ ಮೇಲೊಂದು ಕೊಂಡಿ ಇರುವ) 'ಎ'ಯನ್ನೇ ವಾಲಿಸಿದ್ದಾರೆ. ಗಿಲ್ ಸ್ಯಾನ್ಸ್ ಇಟಾಲಿಕ್‌ನಲ್ಲಿ ಒಂದೇ ಅಂತಸ್ತಿನದು, ಅಂದರೆ ಮೇಲಿನ ಕೊಂಡಿ ಇಲ್ಲದ್ದು, ಇದೆ. ನಾನು ಒಂದಂತಸ್ತಿನದನ್ನೇ ಆರಿಸಿದೆ. ಇಷ್ಟು ದಪ್ಪದಲ್ಲಿ ಎರಡಂತಸ್ತಿನ 'ಎ' ಒಳಗೆ ಬಿಳಿ ಜಾಗವೇ ಉಳಿಯಲ್ಲ. 'ಎನ್' (n) ಅಕ್ಷರದಲ್ಲಿ ಬಾಗಿದ ಭುಜ ನೇರ ಕಂಬಕ್ಕೆ ಸೇರುವ ಕಡೆಯೂ ಗೆರೆಯನ್ನು ಚೆನ್ನಾಗಿ ಸಣ್ಣ ಮಾಡಿದೆ.

ಅಕ್ಷರಗಳ ನಡುವಿನ ಜಾಗದಲ್ಲೂ ಒಂದು ತಪ್ಪು ಮಾಡಿದ್ದೆ. ಅಕ್ಷರಗಳು ಕೂರುವ ಗೆರೆ, ಅಂದರೆ ಬೇಸ್‌ಲೈನಿನಿಂದ ವಾಲಿಸಿದ್ದರಿಂದ ಎಲ್ಲವೂ ಬಲಕ್ಕೆ ಜರುಗಿದ್ದವು. ಸಣ್ಣ ಅಕ್ಷರಗಳ ಎತ್ತರ 520 ಯೂನಿಟ್, ಅದರ ಅರ್ಧದಲ್ಲಿ ಜರುಗಿದ್ದು ಸುಮಾರು 55. ಅಷ್ಟನ್ನು ಎಡಕ್ಕೆ ತಳ್ಳಿದ ಮೇಲೆ ಅಕ್ಷರಗಳು ತಮ್ಮ ಜಾಗದ ನಡುವೆ ಕುಳಿತವು. ಆಮೇಲೆ ಅಂತರವನ್ನು ಬಿಗಿ ಮಾಡಿದೆ, ಯಾಕೆಂದರೆ ದೊಡ್ಡ ಗಾತ್ರದಲ್ಲಿ ಸಡಿಲ ಅಂತರ ಪದವನ್ನು ಒಡೆಯುತ್ತದೆ.

ಕೊನೆಯ ಕೆಲಸ ಫಾಂಟಿನ ಒಳಗಿನ ಮಾಹಿತಿ. ವಾಲಿದ ಕೋನವನ್ನು −12 ಅಂತ ಬರೆಯಬೇಕು. ಬಲಕ್ಕೆ ವಾಲಿದ್ದಕ್ಕೆ ಅಲ್ಲಿ ಮೈನಸ್. ಜೊತೆಗೆ ಇದೇ ಈ ಕುಟುಂಬದ ಬೋಲ್ಡ್ ಇಟಾಲಿಕ್ ಅಂತ ಗುರುತಿಸಿ ಜೋಡಿಸಬೇಕು. ಇದನ್ನು ಎರಡೆರಡು ಸಲ ಪರೀಕ್ಷಿಸಿದೆ. ಜೋಡಿಸದಿದ್ದರೆ, ಬಳಸುವವರು ಇಟಾಲಿಕ್ ಬಟನ್ ಒತ್ತಿದಾಗ ಕೆಲವು ಪ್ರೋಗ್ರಾಂಗಳು ನೇರ ಬೋಲ್ಡನ್ನೇ ಸುಮ್ನೆ ವಾಲಿಸಿ ತೋರಿಸುತ್ತವೆ. ಗೋಡೆಯ ಮೇಲೆ ನೋಡಿದ ಅದೇ 'ಓ' ಅವರ ಪೋಸ್ಟರಿನಲ್ಲಿ ಕೂತುಬಿಡುತ್ತದೆ.